ಹೊಳೆಯಾಚೆಯ ಕೋಣೆಯಲ್ಲಿ ಅಮ್ಮನ ಚೀಟಿ

ವಾಚನಾಲಯದ ಹಿಂದಿನ ಬೀದಿ,
ಮೇ 14, 2024, ಮಂಗಳವಾರ

ಪ್ರೀತಿಯ ಚೂಟಿ,

ಏಪ್ರಿಲ್ ಇಪ್ಪತ್ತೇಳರ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ವಾಚನಾಲಯದವರು ಅಮ್ಮನ ಕಂಪ್ಯೂಟರನ್ನು ಗುಜರಿಗೆ ಹಾಕಿದರು. ಮೊದಲು ನಿನ್ನ ಸೊಂಟನೋವು ಹೇಗಿದೆ ಎಂದು ಕೇಳಿ ಆಮೇಲೆ ಇದನ್ನು ಬರೆಯಬೇಕಿತ್ತು. ಈಗ ಕೇಳುತ್ತಿದ್ದೇನೆ: ಹೇಗಿದೆ? ವಿದ್ಯುತ್ ಕಂಬ ಹತ್ತುವಾಗ ಡಾಕ್ಟರು ಕೊಟ್ಟ ಆ ಅಗಲ ಪಟ್ಟಿ ಕಟ್ಟಿಕೊಳ್ಳುತ್ತೀಯಾ, ಇಲ್ಲ ‘ಹೂಂ ಹೂಂ’ ಎಂದು ತಲೆಯಾಡಿಸಿ ಬೀರುವಿನಲ್ಲೇ ಇಟ್ಟಿದ್ದೀಯಾ? ಅಮ್ಮ ಹೋಗಿ ಹದಿಮೂರು ತಿಂಗಳಾಯಿತು. ಅಂದಿನಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತದಿರಲು ಕಾರಣವಿದೆ, ಒಪ್ಪುತ್ತೇನೆ. ಅವಳ ಮಂಚದ ಪಕ್ಕ ನಿಂತು ‘ಬಿಟ್ಟು ಹೋದವಳು ಈಗ್ಯಾಕೆ ಬಂದೆ’ ಎಂದವನು ನಾನೇ. ಅದಕ್ಕೇ ಈ ಕಾಗದ. ಹರಿದರೂ ನೀನು ಓದಿಯೇ ಹರಿಯುತ್ತೀ ಎಂಬ ಧೈರ್ಯ.

ಆ ಯಂತ್ರ ನಿನಗೆ ನೆನಪಿರಲೇಬೇಕು. ಯಾವುದೋ ಬ್ಯಾಂಕಿನವರು ತಮಗೆ ನಿಧಾನವಾಯಿತೆಂದು ವಾಚನಾಲಯಕ್ಕೆ ದಾನ ಕೊಟ್ಟದ್ದು. ಬಂದಾಗಲೇ ಮುದಿ. ನನಗೆ ಹದಿನಾರು, ನಿನಗೆ ಹನ್ನೊಂದು. ಅಮ್ಮ ಅಲ್ಲಿ ಕಸ ಗುಡಿಸಿ, ಪುಸ್ತಕ ಜೋಡಿಸಿ, ಐದೂವರೆಗೆ ಬೀಗ ಹಾಕುವ ಕೆಲಸದವಳು. ಓದುಗರೆಲ್ಲ ಎದ್ದುಹೋದ ಮೇಲೆ ಉಳಿಯುತ್ತಿದ್ದ ಅರ್ಧ ಗಂಟೆ ನಮ್ಮದು. ಹಳದಿ ಅಕ್ಷರದ ಪರದೆ, ಜಲ್ಲಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುವ ಡಿಸ್ಕು, ಬೆರಳುಗಂಟಿನಿಂದ ಕುಟ್ಟಿದರಷ್ಟೇ ಕೂರುವ ಒಂದು ಕೀಲಿ. ನಾವು ಅದರಲ್ಲಿ ಆಡುತ್ತಿದ್ದ ಗುಹೆಯ ಆಟದಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕಾಲಿಟ್ಟರೆ ಚಿತ್ರ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಒಂದು ಕಪಾಟಿನ ಧೂಳು ಒರೆಸಿ ಬಂದು, ‘ಇನ್ನೂ ಬಾಗಿಲೇ ತೆಗೀಲಿಲ್ವಾ ನಿಮ್ ಮಹಾರಾಜ?’ ಎಂದು ಕೇಳುತ್ತಿದ್ದಳು. ಯಂತ್ರ ಬಿಸಿಯಾದರೆ ಮುಚ್ಚಳ ಬಿಚ್ಚಿ ಹಾಜರಿ ಪುಸ್ತಕದಿಂದ ಗಾಳಿ ಹಾಕುವ ಪಾಳಿ ನನ್ನದು. ‘ಜೋರಾಗಿ ಬೀಸೋ, ಕಾವಲುಗಾರ ಬಂದ!’ ಎಂದು ನೀನು ಕಿರುಚುತ್ತಿದ್ದೆ. ನಾನು ಬೀಸಿದರೆ ಆ ಗುಹೆಯ ಕಾವಲುಗಾರನಿಗೇನು ಚಳಿಯಾಗುತ್ತದೆಯೇ? ಆದರೂ ಬೀಸುತ್ತಿದ್ದೆ.

ಪ್ರತಿ ಕೋಣೆಯ ಗೋಡೆಯ ಮೇಲೂ ಎರಡು ಸಾಲು ಬರೆದಿಡುವ ಅವಕಾಶ ಆ ಆಟದಲ್ಲಿತ್ತಲ್ಲ, ಮುಂದಿನ ಆಟಗಾರನಿಗೆ ಎಚ್ಚರಿಕೆ ಎಂದು. ಅಮ್ಮ ಅದನ್ನು ಮನೆಯ ಅಂಚೆಡಬ್ಬಿ ಮಾಡಿಕೊಂಡಳು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತನ್ನೇ ಒಂದೊಂದಾಗಿ ಒತ್ತಿ ಬರೆಯುತ್ತಿದ್ದಳು. ‘ಊಟ ಮುಚ್ಚಿಟ್ಟಿದ್ದೀನಿ, ಜಗಳ ಆಡ್ಬೇಡಿ’ ಎಂಬುದು ಬಾವಲಿ ಕೋಣೆಯಲ್ಲಿ. ಮನೆಯ ಬೀಗದಕೈ ಎಲ್ಲಿದೆ ಎಂಬುದು ಏಳನೆಯ ಕೋಣೆಯಲ್ಲಿ. ಅಲ್ಲಿಯವರೆಗೆ ಆಡಿ ಗೆಲ್ಲದೆ ಮನೆಗೆ ಹೋಗುವ ಹಾಗಿಲ್ಲ. ಲೋಕದಲ್ಲಿ ಇನ್ಯಾವ ತಾಯಿ ಮಕ್ಕಳನ್ನು ಹೀಗೆ ಗೋಳುಹೊಯ್ದುಕೊಂಡಿದ್ದಾಳೋ ನಾನರಿಯೆ. ನಾನು ಗುಹೆಯೊಳಗಿನ ಹೊಳೆಯ ದಡದವರೆಗೆ ಮಾತ್ರ ಬಲ್ಲೆ. ದಾಟುವ ದಾರಿ ಕಂಡುಹಿಡಿದವಳು ನೀನು, ಹೇಳಿಕೊಟ್ಟದ್ದು ಅಮ್ಮನಿಗೊಬ್ಬಳಿಗೆ. ‘ಅಣ್ಣಂಗೆ ಹೇಳ್ಬೇಡ, ಪಂಡಿತನಾಗ್ಬಿಡ್ತಾನೆ’ ಎಂದು ನಕ್ಕಿರಿ ಇಬ್ಬರೂ.

ನೀನು ಮನೆ ಬಿಟ್ಟ ಮೇಲೂ, ತಾನು ಕೆಲಸದಿಂದ ನಿವೃತ್ತಳಾದ ಮೇಲೂ, ಅಮ್ಮ ಗುರುವಾರ ಗುರುವಾರ ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಕಾಯಿಲೆ ಬೀಳುವ ವಾರದವರೆಗೂ. ಏನು ಮಾಡುತ್ತೀ ಎಂದರೆ, ‘ಹೊಳೆಯಾಚೆ ಕೋಣೇಲಿ ಅವಳಿಗೆ ಬರ್ದಿಡ್ತಿದ್ದೀನಿ. ಬಂದಾಗ ಓದ್ಕೊಳ್ಳಲಿ. ನಿಂಗಲ್ಲ ಅದು’ ಎನ್ನುತ್ತಿದ್ದಳು. ಚೂಟಿ, ಅವಳು ನಿನಗೆ ಬರೆದದ್ದೆಲ್ಲ ಆ ಡಿಸ್ಕಿನಲ್ಲಿದೆ. ಇನ್ನೆಲ್ಲೂ ಇಲ್ಲ. ಅದನ್ನು ನಿನಗೆ ತಿಳಿಸದೆ ಹದಿಮೂರು ತಿಂಗಳು ಸುಮ್ಮನಿದ್ದೆ. ಫೋನ್ ಎತ್ತಲಿಲ್ಲವೆಂಬ ಸಿಟ್ಟು, ಅಷ್ಟೇ.

ಈಗ ಅವರು ಮಾಡಿದ್ದನ್ನು ಕೇಳು. ಹೊಸ ಗ್ರಂಥಪಾಲಕ ಯಂತ್ರವನ್ನು ಪರೀಕ್ಷಿಸಿದನಂತೆ. ಎಲ್ಲ ಕಡತಗಳ ಮೇಲೂ ಒಂದೇ ದಿನಾಂಕ: 1980ರ ಜನವರಿ ಒಂದು. ‘ನಲವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಸಾರ್’ ಎಂದು ವರದಿ ಬರೆದ. ಒಳಗಿನ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿ, ಆ ಯಂತ್ರ ದಿನಾ ಅದೇ ತಾರೀಕಿಗೆ ಕಣ್ಣು ತೆರೆಯುತ್ತಿತ್ತು ಎಂಬುದು ನಮ್ಮ ಅಮ್ಮನಿಗೂ ಗೊತ್ತಿತ್ತು. ‘ಇದಕ್ಕೆ ದಿನಾ ಹೊಸ ವರ್ಷ’ ಎನ್ನುತ್ತಿದ್ದಳು. 1980ರಲ್ಲಿ ಆ ಕಟ್ಟಡಕ್ಕೆ ತಳಪಾಯವೂ ಬಿದ್ದಿರಲಿಲ್ಲ, ಆ ಯಂತ್ರ ಹುಟ್ಟಿಯೇ ಇರಲಿಲ್ಲ! ಪುಸ್ತಕಗಳ ನಡುವೆ ಕೂತು ಸಂಬಳ ಎಣಿಸುವ ಮನುಷ್ಯನಿಗೆ ಇಷ್ಟೂ ಹೊಳೆಯಬಾರದೇ? ನಾನು ಹೋಗಿ ಕೂಗಾಡಿದೆ. ‘ಅದೇ ಆಟ ಹೊಸ ಕಂಪ್ಯೂಟರಿಗೆ ಹಾಕ್ಕೊಡ್ತೀವಿ, ಬನ್ನಿ’ ಎಂದು ಉಪಚಾರ ಮಾಡಿದರು. ಹಾಕಿದರು. ಕಾವಲುಗಾರ ಮಿಂಚಿನ ಹಾಗೆ ಓಡಿಬಂದ, ಬೆರಳೆತ್ತುವ ಮೊದಲೇ ನಾನು ಸತ್ತೆ. ಏಳು ಸಲ ಸತ್ತೆ. ಆ ನಿಧಾನದ ಯಂತ್ರಕ್ಕೆಂದೇ ಅಳೆದು ಮಾಡಿದ ಆಟ ಅದು. ಗೋಡೆಗಳಂತೂ ಎಲ್ಲ ಖಾಲಿ, ಒಂದು ಅಕ್ಷರವಿಲ್ಲ.

ಗುಜರಿ ಅಂಗಡಿಯ ಯಜಮಾನಿ ಒಳ್ಳೆಯ ಹೆಂಗಸು. ಯಂತ್ರ ಅವಳ ತಗಡಿನ ಮಾಡಿನ ಕೆಳಗೆ, ಎರಡು ಹೊಲಿಗೆ ಯಂತ್ರಗಳ ನಡುವೆ ಇನ್ನೂ ಇಡಿಯಾಗಿದೆ. ಕಣ್ಣಾರೆ ಕಂಡೆ. ‘ತಿಂಗಳ ಕೊನೆ ತನಕ ಮುಟ್ಟಲ್ಲಣ್ಣ. ಆದ್ರೆ ವಾಪಸ್ ಕೊಡಿ ಅಂತ ಸಮಿತಿ ಕಾಗದ ಬೇಕು. ನಂಗೂ ತೊಂದ್ರೆ ಮಾಡ್ಬೇಡಿ’ ಎಂದಳು. ಸಮಿತಿಯ ಅಧ್ಯಕ್ಷರನ್ನು ಕೇಳಿದರೆ, ‘ಸರ್ವಾನುಮತದಿಂದ ಪಾಸಾದ ಗುಜರಿ ಪಟ್ಟಿ ಸ್ವಾಮಿ. ತಪ್ಪಾಗಿದೆ ಅಂತ ಯಾರಾದ್ರೂ ಸಭೇಲಿ ಒಪ್ಕೊಂಡ್ರೆ ಮಾತ್ರ ರದ್ದು ಮಾಡ್ಬಹುದು’ ಎಂದು ಕನ್ನಡಕ ಒರೆಸಿಕೊಂಡರು. ಸಭೆ ಇಪ್ಪತ್ತಾರರ ಭಾನುವಾರ. ಪತ್ರಿಕೆಗಳಿಗೆ ಎರಡು ಪತ್ರ ಬರೆದಿದ್ದೇನೆ. ಮೂವತ್ತು ವರ್ಷ ಕರಡು ತಿದ್ದಿದವನ ಪತ್ರ ಎಂಬ ಮರ್ಯಾದೆಗಾದರೂ ಹಾಕಬಹುದಿತ್ತು, ಹಾಕಿಲ್ಲ.

ಅತ್ತಿಗೆ ನಿನ್ನನ್ನು ಬಹಳ ಕೇಳಿದಳು. ಬಿಸಿಲಲ್ಲಿ ಕಂಬ ಹತ್ತಬೇಡ. ಎಲ್ಲಿದ್ದರೂ ಗಟ್ಟಿಮುಟ್ಟಾಗಿರು, ಅಮ್ಮನ ಪಾಲಿನ ಹಾರೈಕೆಯನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಆ ಪಟ್ಟಿಯ ಕೆಳಗೆ ಏಳು ಸಹಿಗಳಿವೆ. ಮೂರನೆಯದು ನನ್ನದು. ಓದುಗರ ಪ್ರತಿನಿಧಿ ಎಂದು ಕೂರಿಸಿದ್ದರು. ಪಟ್ಟಿಯಲ್ಲಿ ಕ್ರಮಸಂಖ್ಯೆ ಹದಿನೇಳು ಎರಡು ಸಲ ಬಂದಿತ್ತು. ಅದನ್ನು ತಿದ್ದಿ, ಕೆಳಗಿನ ಅಂಕಿಗಳನ್ನೆಲ್ಲ ಸರಿಪಡಿಸಿ, ಬೀಗುತ್ತಾ ಸಹಿ ಹಾಕಿದೆ. ಆ ಎರಡನೇ ಹದಿನೇಳರ ಮುಂದೆ ಏನು ಬರೆದಿತ್ತೆಂದು ಓದಲಿಲ್ಲ. ಸಭೆಯಲ್ಲಿ ನಾನೇ ಎದ್ದು ಹೇಳಬೇಕು. ಅಧ್ಯಕ್ಷರೆದುರು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಗ್ರಂಥಪಾಲಕನನ್ನು ಬೈಯುವುದರಲ್ಲೇ ಮುಗಿಯಿತು. ನಿನ್ನ ವಾಚನಾಲಯದ ಸದಸ್ಯತ್ವವನ್ನು ಅಮ್ಮ ಕೊನೆಯವರೆಗೂ ಉಳಿಸಿಟ್ಟಿದ್ದಳು, ನಾನೂ ಬಿಟ್ಟಿಲ್ಲ. ಸದಸ್ಯರ ಪ್ರಶ್ನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲೇಬೇಕು, ನಿಯಮವಿದೆ. ಇವತ್ತೇ ಬರೆದು ಕಳಿಸು. ನನಗಲ್ಲ, ಸಮಿತಿಗೆ. ಆ ಪಟ್ಟಿಯನ್ನು ಓದದೆ ಸಹಿ ಹಾಕಿದವರು ಯಾರು, ಎಲ್ಲರೆದುರು ಎದ್ದು ನಿಂತು ಉತ್ತರ ಕೊಡಲಿ ಎಂದು ಕೇಳು. ನನ್ನ ಹೆಸರು ಹಿಡಿದೇ ಕೇಳು.