ಮೇಲೆ ಹೋದವರಿಗೆ ಎತ್ತಿಟ್ಟ ಅಕ್ಕಿ

ಅಕ್ಕಾ,

"ಹೋಗೂದು ಎಂತ ದೊಡ್ಡ ವಿಷ್ಯ, ತಮ್ಮಾ..." ಎಂದು ನೀನು ಶುರು ಮಾಡಿದ್ದೆ. ಮುಂದಿನ ಮಾತು ಸರಿಯಾಗಿ ನೆನಪಿಲ್ಲ. ಬರುವುದೇ ಕಷ್ಟ ಎಂದೆಯೋ, ಬರುವವರನ್ನು ಕಾಯುವುದೇ ಕಷ್ಟ ಎಂದೆಯೋ. ಎರಡಕ್ಕೂ ವ್ಯತ್ಯಾಸವಿದೆ ಎಂದು ಆಗ ಅನಿಸಿರಲಿಲ್ಲ. ನೀನು ತೀರಿಕೊಂಡು ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿದೆ. ಹೊಳನಗದ್ದೆಯಲ್ಲಿ ಗದ್ದೆಯ ತುಂಬ ನೀರು. ಸಮುದ್ರದ ಸದ್ದು ಅಡುಗೆಮನೆಯವರೆಗೂ ಬರುತ್ತದೆ. ನಾನು ಆ ಅರ್ಧ ಮಾತಿನ ಮುಂದೆ ಕೂತಿದ್ದೇನೆ.

ಭಾವ ಹಾಯಿ ಕಟ್ಟಿದ ಮಚವೆಯಲ್ಲಿ ಹಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿದ್ದ ದಿನಗಳು ನೆನಪಾಗುತ್ತವೆ. ಹೊನ್ನಾವರದ ಆ ಮನೆಯಲ್ಲಿ ನೀನು ಅನ್ನಕ್ಕೆ ಅಕ್ಕಿ ಅಳೆಯುವ ಮೊದಲು ಒಂದು ಮುಷ್ಟಿ ತೆಗೆದು ತೆಂಗಿನ ಗೆರಟೆಗೆ ಹಾಕುತ್ತಿದ್ದೆ. ಅದು ಕಡಲಿನಲ್ಲಿದ್ದವನ ಪಾಲು. ಬಂದ ದಿನ ಅವನಿಗೆ ಅದನ್ನೇ ಬೇಯಿಸಬೇಕು. ಆದರೆ ಅವನ ಕಾಲು ಮರಳಿಗೆ ತಾಗಿತು ಎಂದು ಯಾರಾದರೂ ಬಂದು ಹೇಳುವ ತನಕ ಒಲೆಯ ಮೇಲೆ ಇಡಬಾರದು. ಹಾಯಿ ಕಣ್ಣಿಗೆ ಬಿದ್ದರೂ ಇಡಬಾರದು. ದೂರದ ಕಡಲನ್ನು ಗೆದ್ದು ಬಂದ ಮಚವೆಗಳು ಅಳಿವೆಯಲ್ಲಿ, ಶರಾವತಿ ಸಮುದ್ರ ಸೇರುವ ಆ ಬಾಯಿಯಲ್ಲಿ, ಮನೆಯ ಮಾಡು ಕಾಣುವಷ್ಟು ಹತ್ತಿರ ಬಂದು ಒಡೆದಿದ್ದವಲ್ಲ. ಭಾವ ಮಾತ್ರ ಪ್ರತಿ ಸಲವೂ ಬಂದ. ಕೊನೆಗೆ ಜ್ವರ ಹತ್ತಿ ಮನೆಯ ಮಂಚದ ಮೇಲೆ ಸತ್ತ. ಕಡಲಿನ ಮಟ್ಟಿಗೆ ಗೆದ್ದವಳು ನೀನೇ.

ಮೊದಲ ಮನುಷ್ಯ ಆಕಾಶಕ್ಕೆ ಹೋದ ಸುದ್ದಿಯನ್ನು ಕುಮಟೆಯ ಪೇಟೆಯಿಂದ ನಾನೇ ತಂದೆ. ಭಾವ ಹೋದ ಮೇಲೆ ನೀನು ಹೊಳನಗದ್ದೆಗೆ, ನನ್ನ ಮನೆಗೆ ಬಂದಾಗಿತ್ತು. ಮೀನು ಹೆಚ್ಚುತ್ತಿದ್ದವಳು ಕತ್ತಿ ಬಿಟ್ಟು ಕೇಳಿದೆ: "ಯಾವಾಗ ಬತ್ನಂತೆ?"

"ಬಂದೂ ಆತು. ಭೂಮಿಗೆ ಒಂದು ಸುತ್ತು ಹಾಕಿ ಇಳಿದ."

ನಿನಗೆ ಸಿಟ್ಟೇ ಬಂತು. "ಅಷ್ಟರಲ್ಲಿ ಹೊನ್ನಾವರದ ಲಾಂಚು ಹೊಳೆ ದಾಟಿ ವಾಪಸ್ ಬರೂದಿಲ್ಲ! ಒಂದು ಮುಷ್ಟಿ ಅಕ್ಕಿ ಎತ್ತಿಡೂಕೂ ಪುರ್ಸೊತ್ತು ಕೊಡೂದಿಲ್ವಾ ಇವ್ರು?"

ರಷ್ಯಾದ ಎರಡನೆಯವನು ಒಂದು ಇಡೀ ದಿನ ಮೇಲಿದ್ದ. ಅವನಿಗಾಗಿ ಗೆರಟೆ ಅಟ್ಟದಿಂದ ಇಳಿಯಿತು. ಪಕ್ಕದ ಮನೆಯ ಮಾದೇವಿ ನಕ್ಕದ್ದು ನೆನಪಿದೆಯಾ? "ಅಕ್ಕೋರೇ, ರಷ್ಯಾದವ ನಿಮ್ಮ ಗಂಜಿ ಉಣ್ಣೂಕೆ ಬತ್ನಾ? ಸಾರಿಗೆ ಎಂತ ಮಾಡ್ತ್ರಿ?" ನೀನು ತಿರುಗಿಯೂ ನೋಡಲಿಲ್ಲ. "ಅವ ಎಲ್ಲಿ ಉಂಡರೂ ಆತು. ಇಳೀಲಿ ಮೊದ್ಲು." ಇಳಿದ ಸುದ್ದಿ ಬಂದ ಮೇಲೆ ಆ ಅಕ್ಕಿ ಬೆಂದಿತು. ಮಾದೇವಿಯೇ ಎರಡು ಸಲ ಬಡಿಸಿಕೊಂಡಳು.

ಹೆಂಗಸೊಬ್ಬಳು ಹೋದಾಗ ನೀನು ಗೆರಟೆಯನ್ನು ನನ್ನ ಕೈಗೆ ಕೊಟ್ಟೆ. "ಹೆಣ್ಣು ಹೋದ್ರೆ ಗಂಡು ಎತ್ತಿಡ್ಬೇಕು. ಹಿಡಿ." ನಾನು ಯಾವುದನ್ನೂ ನಂಬುವವನಲ್ಲ, ನಿನಗೆ ಗೊತ್ತು. ಆದರೂ ಆ ದಿನಗಳಲ್ಲಿ ಬೆಳಿಗ್ಗೆ ಅಕ್ಕಿಯ ಡಬ್ಬದೊಳಗೆ ಕೈ ಇಟ್ಟಾಗ ಏನೋ ಹಗುರವಾಗುತ್ತಿತ್ತು. ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ನೀನು ಮೇಲೆ ನೋಡುತ್ತ ಕೇಳುತ್ತಿದ್ದೆ: "ಅಲ್ಲಿ ಮಲಗಿದ್ರೆ ಚಾಪೆ ಬೆನ್ನಿಗೆ ತಾಗೂದಿಲ್ವಾ? ಕಣ್ಣೀರು ಬಂದ್ರೆ ಕೆಳಗೆ ಇಳಿಯೂದಿಲ್ವಾ?" ಇಳಿಯುವುದಿಲ್ಲ ಎಂದೆ ನಾನು. ಅಂಗಳವೇ ಮೆಲ್ಲಗೆ ನೆಲ ಬಿಟ್ಟು, ಗದ್ದೆಯ ಮೇಲೆ, ಗಾಳಿಮರಗಳ ಮೇಲೆ ತೇಲುತ್ತಿದೆ ಎಂದು ನನಗೆ ಅನಿಸಿತ್ತು. ಕೆಳಗೆ ನಮ್ಮ ತೀರ ಒಂದು ಹಸಿರು ದಾರ. ಅದರ ಪಕ್ಕ ಇಷ್ಟು ದೊಡ್ಡ ನೀಲಿ...

ಆಮೇಲೆ ಆ ಕೆಟ್ಟ ವರ್ಷ ಬಂತು. ಮೊದಲು ಅಮೆರಿಕದ ಮೂವರು, ನೆಲ ಬಿಡುವ ಮೊದಲೇ, ತಾಲೀಮಿಗೆಂದು ಕೂತಲ್ಲೇ ಬೆಂಕಿಗೆ ಸಿಕ್ಕರು. "ಅವ್ರು ಹೊರಟೇ ಇರ್ಲಿಲ್ಲ" ಎಂದು ನೀನು ಎದ್ದು ಹೋದೆ. ಬೇಸಿಗೆಯಲ್ಲಿ ರಷ್ಯಾದವನೊಬ್ಬ ಹೋದ. ಮಾರನೆಯ ದಿನ ನೀನು ಅವನ ಪಾಲಿನ ಅಕ್ಕಿಯನ್ನು ಒಲೆಯ ಮೇಲೆ ಇಟ್ಟೆ. ಅವನು ಇಳಿದನೆಂದು ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಇಳಿದಿದ್ದರು, ಇವನೂ ಇಳಿಯುತ್ತಾನೆ ಎಂಬ ಸಲಿಗೆ ಬಂದುಬಿಟ್ಟಿತ್ತಲ್ಲವೇ? ಸಂಜೆ ರೇಡಿಯೋ ಹೇಳಿತು. ಅವನು ಆಕಾಶವನ್ನೂ, ಗಾಳಿಯ ಉರಿಯನ್ನೂ ದಾಟಿ ಬಂದಿದ್ದ. ಕೊನೆಗೆ ಇಳಿಸಬೇಕಾದ ಗಾಳಿಕೊಡೆಯ ಹಗ್ಗಗಳು ತಿರುಚಿಕೊಂಡವು, ಅವನು ನೆಲಕ್ಕೆ ಅಪ್ಪಳಿಸಿದ.

"ಅಳಿವೆಯಲ್ಲೇ ಹೋಯ್ತು" ಎಂದೆ ನೀನು. ಆಮೇಲೆ: "ನಾ ಅಕ್ಕಿ ಇಟ್ಟಾಗ ಅವ ಮೇಲಿದ್ನಾ, ಕೆಳಗಿದ್ನಾ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ, ಅಕ್ಕಾ?"

"ನಿನ್ನ ಭಾವ ಹೋಗಿ ಬರ್ತಿದ್ದ ಅಷ್ಟು ವರ್ಷ ಸಂಬಂಧ ಇತ್ತು. ಈಗ ಇಲ್ವಾ?"

ನಾನು ರೇಡಿಯೋ ಆರಿಸಿದೆ. ಇಲ್ಲ ಎಂದರೆ ಭಾವನನ್ನು ನಿನ್ನ ಕೈಯಿಂದ ಕಸಿದುಕೊಂಡಂತೆ. ಇದೆ ಎಂದರೆ ಆ ಪರದೇಶದವನ ಸಾವನ್ನು ನಿನ್ನ ಕೈಗೆ ಇಟ್ಟಂತೆ. ಪುಸ್ತಕ ಓದಿದವನಿಗೆ ಮೂರನೆಯ ಉತ್ತರ ಗೊತ್ತಿರಬೇಕಿತ್ತು.

ಅಂದಿನಿಂದ ನಿನ್ನದು ಒಂದೇ ಪ್ರಶ್ನೆ. ನಾನು ಶಾಲೆಯಿಂದ ಬಂದು ಕೊಡೆ ಮಡಚುವುದರೊಳಗೆ: "ಯಾರಾದ್ರೂ ಹೋದ್ರನಾ?" ಇನ್ನೊಬ್ಬ ಹೋಗಬೇಕು, ನೀನು ಈ ಸಲ ತಪ್ಪದೆ ಕಾಯಬೇಕು, ಅವನು ಇಳಿಯಬೇಕು. ಆಗ ಮಾತ್ರ ನಿನ್ನ ಎದೆಯ ಭಾರ ಇಳಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಸಾವುಗಳಾದ ಮೇಲೆ ಎರಡೂ ದೇಶಗಳು ಯಂತ್ರಗಳನ್ನು ಬಿಚ್ಚಿ ಕೂತಿದ್ದವು. ಯಾರೂ ಹೋಗಲಿಲ್ಲ. ಕಳೆದ ಮಳೆಗಾಲದಲ್ಲಿ, ಆಕಾಶದಲ್ಲಿ ಒಬ್ಬ ಮನುಷ್ಯನೂ ಇಲ್ಲದ ಕಾಲದಲ್ಲಿ, ನೀನೇ ಹೊರಟೆ. ಆ ದಿನವೂ ನೀನು ಕೇಳಿದ್ದೆ. ನಾನು ಇಲ್ಲ ಎಂದಿದ್ದೆ. ಸುಳ್ಳು ಹೇಳಬಹುದಿತ್ತು ಎಂದು ಮಾದೇವಿ ಈಗಲೂ ಬಯ್ಯುತ್ತಾಳೆ.

ಕೇಳು. ದೀಪಾವಳಿಯ ಹೊತ್ತಿಗೆ ಅಮೆರಿಕದ ಮೂವರು ಹೋಗಿ ಬಂದರು. ಅದೇ ತಿಂಗಳು ರಷ್ಯಾದವನೂ ಒಬ್ಬ ಹೋಗಿ ಇಳಿದ. ಅವರಿಗೂ ಆಮೇಲೆ ಹೋದವರಿಗೂ ಮಾದೇವಿ ತನ್ನ ಮನೆಯಲ್ಲಿ ಸದ್ದಿಲ್ಲದೆ ಅಕ್ಕಿ ಎತ್ತಿಟ್ಟಿದ್ದಳಂತೆ, ನಿನ್ನನ್ನು ನೋಡಿ ನಗಾಡಿದ ಅದೇ ಮಾದೇವಿ. ಈ ಆಷಾಢದಲ್ಲಿ ಮೂವರು ಚಂದ್ರನ ನೆಲ ಮುಟ್ಟಲೆಂದೇ ಹೊರಟಾಗ ಅವಳು ಬಾಗಿಲಲ್ಲಿ ಬಂದು ನಿಂತಳು.

"ಮಾಸ್ತರ್ರೇ, ಮೂರು ಮುಷ್ಟಿ ತೆಗೀಲಾ?"

"ಬೇಡ."

"ಎಂತಕ್ಕೆ?"

"ಯಾರೂ ಎತ್ತಿಡದೆ ಅವರು ಬಂದರೆ, ಅಕ್ಕನ ತಪ್ಪು ಏನೂ ಇರಲಿಲ್ಲ ಎಂದಾಗುತ್ತದೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂರು ಜೀವ ಮಾರಾಯ್ರೇ! ನೀವೆಂತ ಮನುಷ್ಯರು?" ಎಂದಳು. ಆದರೂ ಎತ್ತಿಡಲಿಲ್ಲ. ನಿನಗಾಗಿ.

ಆ ದಿನಗಳನ್ನು ಹೇಗೆ ಹೇಳಲಿ? ಇಬ್ಬರು ಚಂದ್ರನ ಮಣ್ಣಿನ ಮೇಲೆ ನಡೆದರು. ಮೂರನೆಯವನು ಒಬ್ಬನೇ ಮೇಲೆ ಸುತ್ತುತ್ತಿದ್ದ. ಚಂದ್ರನ ಹಿಂಬದಿಗೆ ಹೋದಾಗಲೆಲ್ಲ ಅವನಿಗೆ ಭೂಮಿಯ ಯಾವ ದನಿಯೂ ಕೇಳುತ್ತಿರಲಿಲ್ಲವಂತೆ. ನಾನು ಪಾಠ ಮಾಡುತ್ತಿದ್ದೆ, ಉಣ್ಣುತ್ತಿದ್ದೆ, ಮೋಡದ ಆಚೆ ಏನೂ ಕಾಣದ ಆಕಾಶವನ್ನು ನೋಡುತ್ತಿದ್ದೆ. ಪ್ರತಿ ಬೆಳಿಗ್ಗೆ ಅಕ್ಕಿ ಅಳೆದವನೇ ಡಬ್ಬದ ಮುಚ್ಚಳವನ್ನು ಬೇಗ ಹಾಕಿಬಿಡುತ್ತಿದ್ದೆ. ಏನೂ ನಂಬದವನಿಗೆ ಇಷ್ಟು ಭಯ ಎಲ್ಲಿಂದ ಬಂತು?

ಮೂವರೂ ಬಂದರು, ಅಕ್ಕಾ. ಸಮುದ್ರಕ್ಕೇ ಇಳಿದರು. ಹಡಗಿನವರು ಎತ್ತಿಕೊಂಡರು. ಮಾದೇವಿ ಅಂಗಳದಲ್ಲಿ ನಿಂತು ಅತ್ತಳು. ಆ ರಷ್ಯಾದವನ ಸಾವಿನಲ್ಲಿ ನಿನ್ನ ಕೈ ಇರಲಿಲ್ಲ. ಇದನ್ನು ನಿನಗೆ ತಿಳಿಸಬೇಕೆಂದೇ ಬರೆಯಲು ಕೂತೆ. ಬರೆದಾದ ಮೇಲೆ ನೋಡಿದರೆ ಸುದ್ದಿಯ ಇನ್ನೊಂದು ಮಗ್ಗುಲು ನನ್ನನ್ನೇ ನೋಡುತ್ತಿದೆ. ನೀನಾದರೆ ಅದನ್ನು ತಕ್ಷಣ ಕಂಡುಹಿಡಿದು ಕೇಳುತ್ತಿದ್ದೆ, ಈಗ ನಿನ್ನ ಬದಲು ನಾನೇ ಕೇಳಬೇಕಾಗಿದೆ.

ಹಾಗಾದರೆ ಭಾವನನ್ನು ಅಷ್ಟು ವರ್ಷ ದಡಕ್ಕೆ ತಂದವರು ಯಾರಕ್ಕಾ?