ಅಲಾರಂ ಪದದ ಬಗ್ಗೆ ನೀನು ಕೇಳಿದ್ದಕ್ಕೆ

ಮನೆಯಿಂದ,
೧೧ನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮಾ? ಗಂಟಲು ಕಟ್ಟಿದೆ ಎಂದು ಬರೆದಿದ್ದೆಯಲ್ಲ, ಈಗ ಸರಿಹೋಯಿತೇ? ತರಗತಿಯಲ್ಲಿ ಕೂಗಿ ಪಾಠ ಮಾಡಬೇಡ. ಮೆಲ್ಲಗೆ ಮಾತಾಡಿದರೆ ಹಿಂದಿನ ಬೆಂಚಿನವರೂ ತಾವಾಗಿ ಸುಮ್ಮನಾಗುತ್ತಾರೆ. ಅಳಿಯಂದಿರ ಬೆನ್ನುನೋವು ಹೇಗಿದೆ? ನನ್ನ ಆರೋಗ್ಯ ಇದ್ದ ಹಾಗೇ ಇದೆ. ಕಣ್ಣು ಒಂದಿಷ್ಟು ಮಂಜು, ಹಲ್ಲು ಒಂದಿಷ್ಟು ಕಡಿಮೆ, ನಾಲಿಗೆ ಮಾತ್ರ ಪೂರ್ತಿ ಇದೆ ಎಂದು ನಿನ್ನಮ್ಮ ಹೇಳುತ್ತಾಳೆ.

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ಶಾಲೆಯ ಗೋಡೆಪತ್ರಿಕೆಗೆ 'ಅಲಾರಂ' ಎಂಬ ಪದದ ಹುಟ್ಟು ಬೇಕು ಎಂಬುದು ಒಂದು. ಅಣ್ಣ ಯಾಕೆ ಫೋನ್ ಎತ್ತುತ್ತಿಲ್ಲ ಎಂಬುದು ಇನ್ನೊಂದು. ಸುಲಭದ್ದನ್ನು ಮೊದಲು ಮುಗಿಸುತ್ತೇನೆ.

ಇಂಗ್ಲಿಷಿನಲ್ಲಿ ಈಗ ಅದಕ್ಕೆ ಐದೇ ಅಕ್ಷರ: ಎ, ಎಲ್, ಎ, ಆರ್, ಎಂ. ಹಿಂದೆ ಆರ್ ಮತ್ತು ಎಂ ನಡುವೆ ಒಂದು 'ಯು' ಸೇರಿಸಿಯೂ ಬರೆಯುತ್ತಿದ್ದರು. ಎರಡು ಕಾಗುಣಿತಗಳೂ ಬಹುಕಾಲ ಜೊತೆಜೊತೆಗೇ ನಡೆದವು. ಹಳೆಯ ಇಂಗ್ಲಿಷ್ ನಾಟಕಗಳಲ್ಲಿ ತೆರೆಯ ಹಿಂದಿನಿಂದ ಯುದ್ಧದ ಗದ್ದಲ ಕೇಳಿಸಬೇಕಾದ ಕಡೆ ಆ ಹಳೆಯ ರೂಪವೇ ಸಿಗುತ್ತದೆ. ನಾವು ಅಲಾರಂ ಎನ್ನುವುದೂ ಅದಕ್ಕೇ ಹತ್ತಿರ. ಆದರೆ ಅಲ್ಲಿಂದಲೇ ಬಂತು ಎನ್ನಲು ನನ್ನ ಬಳಿ ಆಧಾರವಿಲ್ಲ. ಆರ್ ಮತ್ತು ಎಂ ಅನ್ನು ಒಟ್ಟಿಗೆ ಉಚ್ಚರಿಸಲು ನಮ್ಮ ನಾಲಿಗೆ ತಡವರಿಸುತ್ತದೆ, ಅಷ್ಟೇ ಇರಬಹುದು. ಮಕ್ಕಳಿಗೆ ಖಚಿತವೆಂದು ಹೇಳಬೇಡ. ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಇಟಾಲಿಯನ್ನಿನಿಂದ. ಅಲ್ಲಿ ಅದು ಒಂದು ವಸ್ತುವಿನ ಹೆಸರಾಗಿರಲಿಲ್ಲ, ಕಾವಲಿನವರ ಕೂಗಾಗಿತ್ತು: 'ಅಲ್ಲಾರ್ಮೆ', ಅಂದರೆ 'ಆಯುಧ ಹಿಡೀರಿ'. ಮೇಲೆ ನಿಂತವನು ಶತ್ರುವನ್ನು ಕಂಡು ಕೂಗಿದರೆ ಕೆಳಗೆ ಮಲಗಿದ್ದವರು ಎದ್ದು ಓಡಬೇಕು. ಮುಂದೆ ಆ ಕೂಗಿನ ಹೆಸರೇ ಗಡಿಯಾರದ ಗಂಟೆಗೂ ಬಂತು, ಕೂಗು ಕೇಳಿದವರ ಎದೆಯ ಗಾಬರಿಗೂ ಬಂತು. ಮೊದಲು ಮನುಷ್ಯ ಕೂಗಿದ, ಗಂಟೆ ಆಮೇಲೆ. ಗೋಡೆಪತ್ರಿಕೆಗೆ ಇಷ್ಟು ಸಾಕು. ನಿನ್ನ ಮಕ್ಕಳು ಚಿತ್ರ ಬರೆಯುವುದಾದರೆ ಕೋಟೆ ಬರೆಯಲಿ.

ಇನ್ನು ಎರಡನೆಯ ಪ್ರಶ್ನೆ. ಕೂತು ಓದು.

ಅಣ್ಣ ಕೆಲಸ ಮಾಡುವ ಐಸ್ ಕಾರ್ಖಾನೆಯಲ್ಲಿ ಹೋದ ವಾರ ಅಮೋನಿಯ ಸೋರಿತು. ಶೈತ್ಯಕೋಣೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಟೋಪಿ ಅಕ್ಕ ತೀರಿಕೊಂಡಳು. ನಿನಗೆ ನೆನಪಿರಬಹುದು, ಯಾವಾಗಲೂ ದಪ್ಪ ಟೋಪಿ ಹಾಕಿಕೊಂಡಿರುತ್ತಿದ್ದಳು. ನಿನ್ನ ಮದುವೆಗೆ ಬಂದಾಗಲೂ ತೆಗೆಯಲಿಲ್ಲ. 'ಮದುಮಗಳಿಗಿಂತ ನನ್ನ ಮೇಲೇ ಎಲ್ಲರ ಕಣ್ಣು' ಎಂದು ನಗಿಸಿದ್ದಳು. ಬಾಗಿಲಿನ ಹತ್ತಿರ ಇದ್ದವರು ವಾಸನೆಗೇ ಓಡಿ ಹೊರಬಿದ್ದರು. ಅವಳು ಒಳಗಿನ ಮೂಲೆಯಲ್ಲಿದ್ದಳು. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಒಳಗೆ ನುಗ್ಗಿ ಅವಳನ್ನು ಎತ್ತಿ ಹೊರಗೆ ತಂದವನು ನಿನ್ನ ಅಣ್ಣನೇ. ಆಗಲೇ ಉಸಿರಿರಲಿಲ್ಲ. ಅವನ ಕಣ್ಣುಗಳು ಸುಟ್ಟ ಹಾಗಾಗಿವೆ, ದೃಷ್ಟಿಗೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ನಿನಗೆ ತಿಳಿಸಬಾರದೆಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದಿದ್ದೇನೆ.

ಆ ಕಾರ್ಖಾನೆಯಲ್ಲಿ ಅನಿಲ ಸೋರಿದರೆ ಹೊಡೆದುಕೊಳ್ಳುವ ಗಂಟೆಯೊಂದಿದೆ. ಯಂತ್ರದಿಂದ ಹಳೆಯ ಎಣ್ಣೆ ಬಸಿಯುವಾಗ ಒಂದಿಷ್ಟು ಅಮೋನಿಯ ಹೊರಬರುತ್ತದೆ, ಅಷ್ಟಕ್ಕೂ ಅದು ಬಾಯಿ ಮಾಡುತ್ತದೆ. ಗಂಟೆ ಹೊಡೆದರೆ ಎಲ್ಲರೂ ಹೊರಗೆ ಹೋಗಬೇಕು, ಕೆಲಸ ನಿಲ್ಲುತ್ತದೆ, ಮಾಲೀಕರು ಕೂಗಾಡುತ್ತಾರೆ. ಅದಕ್ಕೇ ಎಣ್ಣೆ ಬಸಿಯುವ ಮೊದಲು ಗಂಟೆಗೆ ಬಟ್ಟೆ ಸುತ್ತುವುದು, ಕೆಲಸ ಮುಗಿದ ಮೇಲೆ ಬಿಚ್ಚುವುದು ರೂಢಿಯಾಗಿತ್ತು. ಪಾಳಿ ಬದಲಾಗುವಾಗ 'ಗಂಟೆಗೆ ನೆಗಡಿ, ಶಾಲು ಹೊದಿಸಿದೀವಿ' ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರಂತೆ. ಮಾಲೀಕರಿಗೂ ಗೊತ್ತಿತ್ತು, ಅವರೂ ನಗುತ್ತಿದ್ದರು. ಅಂದು ಎಣ್ಣೆ ಬಸಿದವನು ನಿನ್ನ ಅಣ್ಣ. ಸಂಜೆ ಇನ್ನೊಂದು ಯಂತ್ರದ್ದೂ ಬಸಿಯುವುದಿತ್ತು, ಎರಡೆರಡು ಸಲ ಯಾಕೆ ಎಂದು ಬಟ್ಟೆ ಬಿಚ್ಚದೆ ಬಿಟ್ಟ. ಮಧ್ಯಾಹ್ನ ಶೈತ್ಯಕೋಣೆಯ ಕೊಳವೆ ಬಿರಿಯಿತು. ಆ ಬಟ್ಟೆ ನಮ್ಮ ಮನೆಯದೇ, ನೀವಿಬ್ಬರೂ ಹೊದ್ದು ಮಲಗುತ್ತಿದ್ದ ಹಸಿರು ಚೌಕುಳಿ ದುಪ್ಪಟಿಯ ತುಂಡು. ಅವನ ಬುತ್ತಿ ಚೀಲದಲ್ಲಿ ಅದನ್ನು ಕಂಡ ನಿನ್ನ ಅತ್ತಿಗೆ ತಂದು ನನ್ನ ಕೈಗೆ ಕೊಟ್ಟಳು. ಗದ್ದಲದ ನಡುವೆ ಬಿಚ್ಚಿ ಚೀಲಕ್ಕೆ ತುರುಕಿದೆ ಎಂದು ಅಣ್ಣನೇ ಆಮೇಲೆ ನನ್ನೆದುರು ಒಪ್ಪಿಕೊಂಡ.

ಮರುದಿನ ಪತ್ರಿಕೆಯಲ್ಲಿ ಬಂತು. 'ಎಚ್ಚರಿಕೆ ಗಂಟೆ ಬಾರಿಸಿದರೂ ಕಾರ್ಮಿಕ ಮಹಿಳೆ ಹೊರಬರಲಿಲ್ಲ ಎಂದು ತಿಳಿದುಬಂದಿದೆ.' ಯಾರಿಂದ ತಿಳಿದುಬಂತು ಎಂದು ಬರೆದಿಲ್ಲ. ನಾನು ಆಯುಷ್ಯವೆಲ್ಲ ಕರಡು ತಿದ್ದಿದ ಪತ್ರಿಕೆಯೇ ಅದು. ಸಂಜೆ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. 'ಹೋದವಳು ಹೋದಳು ಯಜಮಾನ್ರೇ, ಇರೋನ ಬಾಳು ನೋಡಿ. ಗಂಟೆ ಹೊಡೀತು, ಕಿವಿ ಮುಚ್ಚೋ ಟೋಪಿ ಹಾಕ್ಕೊಂಡಿದ್ಲು, ಕೇಳಿಸಲಿಲ್ಲ. ಎಲ್ಲರೂ ಹೀಗೇ ಅಂದ್ರೆ ಮುಗೀತು.' ನಿನ್ನಮ್ಮ ಅವರಿಗೆ ಕೈಮುಗಿದಳು.

ನಾನು ಟೋಪಿ ಅಕ್ಕನ ಮನೆಗೆ ಹೋಗಿದ್ದೆ. ಗಂಡ ದರ್ಜಿ. ಯಂತ್ರದ ಮುಂದೆ ಕೂತಿದ್ದ, ಹೊಲಿಯುತ್ತಿರಲಿಲ್ಲ. ಆ ಪತ್ರಿಕೆಯನ್ನು ನನ್ನ ಮುಂದೆ ಹಿಡಿದು ಕೇಳಿದ: 'ನೀವು ಪೇಪರ್‌ನೋರು, ನಿಜ ಹೇಳಿ ಸಾರ್. ಚಳಿಗೆ ಕಿವಿ ನೋಯುತ್ತೆ ಅಂತಿದ್ಲು, ಎರಡು ಪದರ ಒಳಬಟ್ಟೆ ಇಟ್ಟು ಹೊಲಿದುಕೊಟ್ಟೆ. ಅದಿಲ್ದಿದ್ರೆ ಕೇಳಿಸ್ತಿತ್ತಾ? ನಾನೇ ಕೊಂದ್ನಾ?' ಚಹಾ ಕೊಟ್ಟ, ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಏನು ಮಾಡಬೇಕೆಂದು ನಿಶ್ಚಯವಾಗಿತ್ತು.

ಮನೆಗೆ ಬಂದು ಅಣ್ಣನ ಮಂಚದ ಬಳಿ ಕೂತು ಹೇಳಿದೆ. ಗುರುವಾರ ತಪಾಸಣೆಯ ಅಧಿಕಾರಿ ವಿಚಾರಣೆಗೆ ಬರುತ್ತಾರೆ, ನೀನೇ ಹೇಳಿಬಿಡು, ನಾನು ಪಕ್ಕದಲ್ಲೇ ನಿಂತಿರುತ್ತೇನೆ ಎಂದೆ. ಮೆಲ್ಲಗೆ ನನ್ನ ಕಡೆ ಹೊರಳಿದ. ಆಮೇಲೆ, 'ನಾನೊಬ್ಬನೇ ಕಟ್ಟಿದ್ನಾ ಅಪ್ಪಾ? ಎಲ್ಲ ಪಾಳಿಯವರೂ ಕಟ್ತಿದ್ರು. ನನ್ನ ಪಾಳೀಲಿ ಕೊಳವೆ ಒಡೀತು, ಅಷ್ಟೇ. ಜೈಲಿಗೆ ಮಾತ್ರ ನಾನೊಬ್ಬನೇ ಹೋಗ್ಬೇಕಾ?' ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಅದನ್ನೂ ಸೇರಿಸಿಯೇ ಹೇಳು, ಮಾಲೀಕರು ನಕ್ಕದ್ದನ್ನೂ ಹೇಳು ಎಂದೆ. ಗೋಡೆಯ ಕಡೆ ತಿರುಗಿಕೊಂಡ. ಬಾಗಿಲಲ್ಲಿ ನಿಂತಿದ್ದ ನಿನ್ನಮ್ಮ, 'ಜೀವಮಾನವೆಲ್ಲ ಊರವರ ಬರಹದಲ್ಲಿ ತಪ್ಪು ಹುಡುಕಿದ್ದು ಸಾಲದೇನ್ರೀ, ಈಗ ಹೆತ್ತ ಮಗನ ಮೇಲೂ ಕೆಂಪು ಗೆರೆ ಎಳೀಬೇಕಾ?' ಎಂದಳು. ಆಗಿನಿಂದ ನನ್ನೊಡನೆ ಮಾತಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ದುಪ್ಪಟಿಯ ತುಂಡನ್ನು ಎಲ್ಲಿ ಬಚ್ಚಿಟ್ಟಳೋ, ಒಲೆಗೆ ಹಾಕಿದಳೋ ತಿಳಿಯದು. ಅದು ಸಿಗದಿದ್ದರೂ ನನಗೆ ಬಾಯಿ ಇದೆ.

ಅಣ್ಣ ಕೆಟ್ಟವನಲ್ಲ. ಒಳಗೆ ನುಗ್ಗಿದಾಗ ಅವನು ತನ್ನ ಜೀವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊರಬಂದ ಮೇಲೆ ಹೆದರಿದ. ಆ ಹೆದರಿಕೆಯ ಭಾರವನ್ನು ಆ ದರ್ಜಿ ಸಾಯುವ ತನಕ ಹೊರಬೇಕೆಂದರೆ ನಾನು ಒಪ್ಪಲಾರೆ.

ನಿನ್ನ ಅಮ್ಮನ ಮೇಲೆ ಬೇಸರ ಮಾಡಿಕೊಳ್ಳಬೇಡ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಎಂದು ಮನಸಾರೆ ಹರಸುವ,

ನಿನ್ನ
ಅಪ್ಪ

ಮರೆತ ಮಾತು: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಣ್ಣ ಈಗಷ್ಟೇ ಬಂದು, ತಾನು ಗುರುವಾರ ಬಾಯಿ ಬಿಡುವುದಿಲ್ಲ ಎಂದು ಹೇಳಿ ಹೋದ. ಹಾಗಾದರೆ ನಾನು ಹೇಳುತ್ತೇನೆ ಎಂದೆ. ನಾನು ಹೇಳಿದ ಮೇಲೆ ಅವನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಪೊಲೀಸರು ಹಿಡಿದುಕೊಂಡು ಹೋಗದಿದ್ದರೆ ನಿನ್ನಲ್ಲಿಗೇ ಬರುತ್ತಾನೆ, ಅವನಿಗೆ ಬೇರೆ ಯಾರಿದ್ದಾರೆ? ಬಾಗಿಲು ತೆಗೆ. ಯಾಕೆ, ಏನು ಎಂದು ಕೇಳಬೇಡ. ನನ್ನನ್ನು ಬೈದರೆ ಬೈಯಲಿ, ನನ್ನ ಪರ ವಹಿಸಬೇಡ. ಅಪ್ಪ ಬರೆದಿದ್ದರು ಎಂದೂ ಹೇಳಬೇಡ. ಮೊದಲು ಊಟಕ್ಕೆ ಬಡಿಸು.