ಬ್ರೇಕ್ ಮುಟ್ಟದೆ ಇಳಿದ ಘಾಟಿ

ತಮ್ಮಾ,

ಕ್ಷೇಮ. ಮಗಳ ಕರೆಂಟ್ ಕಾರು ನೋಡಿ ನಿನ್ನ ಬ್ರೇಕ್ ರಿಪೇರಿ ಶೆಡ್ಡಿನಲ್ಲಿ ಇಬ್ಬರೂ ನಕ್ಕಿದ್ದೆವಲ್ಲ? ನಿನ್ನೆ ಬೆಟ್ಟದ ತುದಿಯಲ್ಲಿ ಚಾರ್ಜು ನೂರಕ್ಕೆ ಒಂಬತ್ತೇ ಉಳಿದಿತ್ತು. ಅಲ್ಲಿನ ಚಾರ್ಜಿಂಗ್ ಕಂಬ ಬೇರೆ ಕೆಟ್ಟು ನಿಂತಿತ್ತು. "ಮುಗೀತು ಕಥೆ" ಅಂದೆ. "ಸುಮ್ನೆ ಕೂತ್ಕೋ ಅಪ್ಪ, ಇಳೀತಾ ಇಳೀತಾ ತಾನೇ ತುಂಬ್ಕೊಳ್ಳುತ್ತೆ" ಅಂದಳು. ತಪ್ಪಲು ಮುಟ್ಟುವಾಗ ಹದಿನಾಲ್ಕು ಆಗಿತ್ತು ಕಣೋ! ನಲವತ್ತು ವರ್ಷ ಲಾರಿಯಲ್ಲಿ ನಾನು ಬ್ರೇಕ್ ಸುಟ್ಟುಕೊಂಡ ಇಂಥ ಇಳಿಜಾರಿನಲ್ಲಿ ಇದು ಸಂಪಾದನೆ ಮಾಡಿತು. ಅವಳು ಬ್ರೇಕ್ ಮುಟ್ಟಲೇ ಇಲ್ಲ; ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿ ತಡೆದು ಕರೆಂಟ್ ಮಾಡುತ್ತಂತೆ. ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನನ್ನ ಬಲಮಂಡಿ ಊದಿದೆ. ಎಣ್ಣೆ ಹಚ್ಚಿದ್ದೇನೆ. ಕಾರಿಗೆ ಚಾರ್ಜು ತುಂಬಿತಂತೆ, ಹೊರಡೋಣ ಅಂತ ಕರೆಯುತ್ತಿದ್ದಾಳೆ. ನಿನ್ನ ಅನ್ನಕ್ಕೆ ಕಲ್ಲು ಹಾಕುವವಳು ನಮ್ಮ ಮನೆಯಲ್ಲೇ ಹುಟ್ಟಿದ್ದಾಳೆ!

ನಿನ್ನ ಅಣ್ಣ